ಉಮೇದುವಾರನೂ ಶಿಶಿಕ್ಷುವೂ

ಸರಕಾರಿ ಕಚೇರಿಗೆ ಕೆಲಸ ಕಲಿಯಲೆಂದು ಹೋಗುವ ತರುಣನನ್ನು ಕನ್ನಡ ನಾಡು ಎರಡು ಕಾಲಗಳಲ್ಲಿ ಎರಡು ಹೆಸರುಗಳಿಂದ ಕರೆದಿದೆ. ಅಜ್ಜಂದಿರ ಕಾಲದಲ್ಲಿ ಅವನು ಉಮೇದುವಾರ. ಇಂದಿನ ಕಾನೂನಿನ ಭಾಷೆಯಲ್ಲಿ ಅವನು ಶಿಶಿಕ್ಷು. ಮೊದಲನೆಯ ಶಬ್ದ ಪಾರಸಿಯಿಂದ ಬಂದುದು. ‘ಉಮೇದ್’ ಎಂದರೆ ಆಸೆ, ಭರವಸೆ. ಆ ಭರವಸೆಯನ್ನು ಹೊತ್ತು ಬಂದವನು ಉಮೇದುವಾರ. ಎರಡನೆಯದು ಸಂಸ್ಕೃತದ ಸನ್ನಂತರೂಪ. ಕಲಿಯಲು ಇಚ್ಛಿಸುವವನು ಶಿಶಿಕ್ಷು. ಶಿಕ್ಷಾ ಶಬ್ದದ ಬೇರನ್ನು ಹಿಡಿದು ಹೋದರೆ ಅಲ್ಲಿಯೂ ‘ಶಕ್’ ಧಾತುವಿನ ಇಚ್ಛಾರ್ಥವೇ ದೊರೆಯುತ್ತದೆಂದು ಶಾಬ್ದಿಕರು ಹೇಳುತ್ತಾರೆ. ಸಮರ್ಥನಾಗಬೇಕೆಂಬ ಹಂಬಲವೇ ಶಿಕ್ಷೆ ಎಂದಾಯಿತು. ಹೀಗೆ ಎರಡು ಹೆಸರುಗಳಲ್ಲಿಯೂ ಅಡಗಿರುವುದು ಇಚ್ಛೆಯೇ. ಒಂದರಲ್ಲಿ ನೌಕರಿಯ ಇಚ್ಛೆ, ಇನ್ನೊಂದರಲ್ಲಿ ವಿದ್ಯೆಯ ಇಚ್ಛೆ.

ಈ ಎರಡರಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಮನೆಯ ಒಲೆ ಉರಿಯಬೇಕೆಂಬ ಆಸೆ ಯಾವ ಕಾಲಕ್ಕೂ ಕೀಳಾಗದು. ಆದರೆ ನೌಕರಿಯ ಆಸೆಯನ್ನು ತೋರಿಸಿ ಕರೆತಂದು, ವಿದ್ಯೆಯನ್ನೂ ಕೊಡದೆ, ವರ್ಷದ ಕೊನೆಗೆ ಒಂದು ಪ್ರಮಾಣಪತ್ರವನ್ನು ಕೈಗಿತ್ತು ಕಳುಹಿಸುವುದು ಮಾತ್ರ ನ್ಯಾಯವಲ್ಲ. ವಾಣಿಜ್ಯ ಪದವಿಯನ್ನು ಮುಗಿಸಿ ಸರಕಾರಿ ಆಡಳಿತದ ಕಚೇರಿಗಳಲ್ಲಿ ಶಿಶಿಕ್ಷುಗಳಾಗಿ ವರ್ಷ ಕಳೆಯುವ ತರುಣ ತರುಣಿಯರ ಸ್ಥಿತಿಯನ್ನು ಹಿಂದಿನ ಉಮೇದುವಾರನ ಸ್ಥಿತಿಯೊಡನೆ ಹೋಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉಮೇದುವಾರನಿಗೆ ಗುರುವಿದ್ದನು, ಹಕ್ಕಿರಲಿಲ್ಲ. ಶಿಶಿಕ್ಷುವಿಗೆ ಹಕ್ಕಿದೆ, ಗುರುವಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ಕಚೇರಿಯದೆಷ್ಟೋ ಶಾಲೆಯದೂ ಅಷ್ಟೇ.

ಈ ವಿಷಯವನ್ನು ಸೂಡಿಯ ನೆಲದಲ್ಲಿ ನಿಂತು ವಿಚಾರಿಸುವುದರಲ್ಲಿ ಒಂದು ಔಚಿತ್ಯವಿದೆ. ರೋಣದ ಸೀಮೆಯ, ಗಜೇಂದ್ರಗಡದ ನೆರೆಯ ಈ ಊರಿಗೆ ಬರುವ ಪ್ರವಾಸಿಗಳು ಜೋಡುಕಳಸದ ಗುಡಿಯನ್ನೂ ನಾಗಕುಂಡದ ಕಲ್ಲುಗೆಲಸವನ್ನೂ ಕಂಡು ಬೆರಗಾಗಿ ಹಿಂತಿರುಗುತ್ತಾರೆ. ಅಷ್ಟೇ ಬೆರಗುಪಡಬೇಕಾದ ಇನ್ನೊಂದು ಸಂಪತ್ತು ಇಲ್ಲಿಯ ಶಾಸನಗಳಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೂಂಡಿ ಎನಿಸಿಕೊಂಡಿದ್ದ ಈ ಊರು, ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಇಮ್ಮಡಿ ಜಯಸಿಂಹನ ಸೋದರಿಯಾದ ಈ ರಾಜಪುತ್ರಿಯು ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ವೀರೆಯೆಂದು ಪ್ರಸಿದ್ಧಳು. ಆದರೆ ೧೦೫೦ರ ಸುಮಾರಿನ ಸೂಡಿಯ ಶಾಸನವೊಂದು ಅವಳ ಆಡಳಿತದ ಇನ್ನೊಂದು ಮುಖವನ್ನು ತೋರುತ್ತದೆ. ಚೋಳರೊಡನೆ ನಡೆದ ಯುದ್ಧದ ಕ್ಷೋಭೆಯಲ್ಲಿ ಊರಿನ ಕಟ್ಟಳೆಗಳು ಸಡಿಲಗೊಂಡಿದ್ದವು. ಅವುಗಳನ್ನು ಮರಳಿ ಊರ್ಜಿತಗೊಳಿಸಿ, ಇಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆಗ ಬರೆದುಕೊಡಲಾಯಿತು.

ಸೆಟ್ಟಿಯೆಂದರೆ ವ್ಯಾಪಾರ, ಒಕ್ಕಲೆಂದರೆ ಸಾಗುವಳಿ, ಬರೆದುಕೊಟ್ಟವರೆಂದರೆ ಪ್ರಭುತ್ವ. ಈ ಮೂರೂ ಒಂದೇ ಕಲ್ಲಿನ ಮೇಲೆ ಕೂಡಿರುವುದನ್ನು ಗಮನಿಸಬೇಕು. ಯುದ್ಧ ಮುಗಿದ ಬಳಿಕ ಊರು ಮತ್ತೆ ಊರಾದದ್ದು ಖಡ್ಗದಿಂದಲ್ಲ, ಬರಹದಿಂದ. ಯಾರು ಏನು ಕೊಡಬೇಕು, ಯಾರಿಗೆ ಏನು ಸಲ್ಲಬೇಕು ಎಂಬುದು ಬಾಯಿಮಾತಿನಲ್ಲಿ ಉಳಿಯದೆ ಲಿಪಿಗಿಳಿದು ಎಲ್ಲರ ಕಣ್ಣೆದುರು ನಿಂತಾಗ ಅಲ್ಲಿ ಆಡಳಿತ ನೆಲೆಗೊಂಡಿತು. ಆ ಬರಹವನ್ನು ಸಿದ್ಧಪಡಿಸಿದ ಕರಣಿಕರೂ ಒಂದು ಕಾಲಕ್ಕೆ ಯಾರ ಬಳಿಯಲ್ಲೋ ಕುಳಿತು ಕಲಿತವರೇ ಇರಬೇಕು. ಲೆಕ್ಕವೂ ಬರಹವೂ ತಾಯಿಯ ಗರ್ಭದಲ್ಲಿ ಬರುವ ವಿದ್ಯೆಗಳಲ್ಲ.

ಕರಣಿಕನ ಕೆಲಸಕ್ಕೆ ಈ ನಾಡಿನಲ್ಲಿ ಎಂಥ ಗೌರವವಿತ್ತೆಂಬುದಕ್ಕೆ ಬಸವಣ್ಣನವರ ಚರಿತ್ರೆಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಹರಿಹರ ಕವಿಯು ತನ್ನ ರಗಳೆಯಲ್ಲಿ ಅವರನ್ನು ಮಂಗಳವಾಡದ ಕರಣಿಕರ ಸಾಲಿನಲ್ಲಿ ಮೊದಲು ಕಾಣಿಸುತ್ತಾನೆ. ಲೆಕ್ಕದ ಕೆಲಸದಿಂದ ಆರಂಭಿಸಿ ಬಿಜ್ಜಳನ ಭಂಡಾರಿಯ ಪದವಿಗೆ ಅವರು ಏರಿದರು. ಜಗತ್ತು ಅವರನ್ನು ಧರ್ಮಪುರುಷರೆಂದು ಬಲ್ಲುದು. ಆದರೆ ಅವರ ಕೈಯಲ್ಲಿ ಒಂದು ರಾಜ್ಯದ ಬೊಕ್ಕಸದ ಲೆಕ್ಕವಿತ್ತೆಂಬುದನ್ನು ಲೆಕ್ಕ ಬರೆಯುವ ಇಂದಿನ ತರುಣನು ಮರೆಯಬಾರದು. ಕಚೇರಿಯ ಮೇಜು ಒಂದು ಸಾಧನೆಯ ನೆಲೆಯಾಗಬಲ್ಲುದೆಂಬುದಕ್ಕೆ ಅದೊಂದು ನಿದರ್ಶನ.

ಇನ್ನು ಉಮೇದುವಾರನ ಮಾತು. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದ ದಿನಗಳಲ್ಲಿ ರೋಣವು ಆ ಜಿಲ್ಲೆಯ ಒಂದು ತಾಲೂಕು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೆ ಮುಂದೆ ಎರಡು ದಾರಿಗಳು ಕಾಣುತ್ತಿದ್ದವು. ಒಂದು ಕನ್ನಡ ಶಾಲೆಯ ಮಾಸ್ತರಿಕೆ, ಇನ್ನೊಂದು ಕಚೇರಿಯ ಕಾರಕೂನಿಕೆ. ಎರಡನೆಯದನ್ನು ಬಯಸಿದವನು ಮಾಮಲೇದಾರ ಕಚೇರಿಯಲ್ಲಿ ಉಮೇದುವಾರನಾಗಿ ಕುಳಿತುಕೊಳ್ಳಬೇಕಾಗಿತ್ತು. ಸಂಬಳವಿಲ್ಲ, ಇಂಥ ದಿನ ಕೆಲಸ ಸಿಕ್ಕೀತೆಂಬ ಮಾತಿಲ್ಲ. ಕಾರಕೂನನ ಮಗ್ಗುಲಲ್ಲಿ ಕುಳಿತು ಕಾಗದಗಳ ನಕಲು ತೆಗೆಯುವುದು, ಆವಕ ಜಾವಕ ಬರೆಯುವುದು, ಜಮಾಖರ್ಚಿನ ತಾಳೆ ನೋಡುವುದು, ಹಳೆಯ ದಫ್ತರದಿಂದ ಬೇಕಾದ ಕಟ್ಟನ್ನು ಹುಡುಕಿ ತರುವುದು, ಮೋಡಿ ಬರಹವನ್ನು ಓದಲು ಕಲಿಯುವುದು. ಹೀಗೆ ತಿಂಗಳುಗಳು ಉರುಳಿ ಒಂದು ಜಾಗ ತೆರವಾದಾಗ ಅವನ ಹೆಸರು ಮೇಲೆ ಬರುತ್ತಿತ್ತು, ಬರದೆಯೂ ಇರುತ್ತಿತ್ತು.

ಆ ಪದ್ಧತಿಯನ್ನು ಹೊಗಳಿ ಹಾಡುವ ಅಗತ್ಯವಿಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ಕುಳಿತಿರಲು ಮನೆಯಲ್ಲಿ ಕಾಳುಕಡ್ಡಿ ಇದ್ದವನಿಗೆ ಮಾತ್ರ ಸಾಧ್ಯ. ಬಡವನ ಮಗನಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ಕಾರಕೂನನ ಬಳಿಗೆ ಹೋಗಲು ಪರಿಚಯ ಬೇಕು, ಬಳಗ ಬೇಕು. ಬಳಗದ ಹೊರಗಿನವನಿಗೆ ಅಲ್ಲಿ ಗೋಣಿತಾಟಿನ ಮೇಲೂ ಸ್ಥಳ ಸಿಗುತ್ತಿರಲಿಲ್ಲ. ಕೂಲಿಯಿಲ್ಲದೆ ದುಡಿಯುವವನ ಕೈ ಅರ್ಜಿದಾರನ ಜೇಬಿನ ಕಡೆಗೆ ಚಾಚುವ ಅಪಾಯವೂ ಇತ್ತು. ಲಂಚದ ಮೊದಲ ಪಾಠವನ್ನು ಕೆಲವರಾದರೂ ಅಲ್ಲಿಯೇ ಕಲಿತಿದ್ದರೆ ಅಚ್ಚರಿಯಿಲ್ಲ. ಇಷ್ಟೆಲ್ಲ ದೋಷಗಳ ನಡುವೆಯೂ ಆ ಪದ್ಧತಿಯಲ್ಲಿ ಒಂದು ಗುಣವಿತ್ತು. ಕಲಿಯುವವನು ಕಲಿಸುವವನ ಪಕ್ಕದಲ್ಲಿ ಕುಳಿತಿರುತ್ತಿದ್ದನು. ನಕಲಿನಲ್ಲಿ ಒಂದು ಅಂಕಿ ತಪ್ಪಿದರೆ ಕೂಡಲೇ ಕಾರಕೂನನ ಗದರಿಕೆ ಬರುತ್ತಿತ್ತು. ಗದರಿಕೆಯ ಹಿಂದೆ ತಿದ್ದುಪಡಿಯೂ ಬರುತ್ತಿತ್ತು. ಕಚೇರಿಯಲ್ಲಿ ಸ್ಥಾನ ದೊರೆಯದವನೂ ಬರಿಗೈಯಲ್ಲಿ ಮರಳುತ್ತಿರಲಿಲ್ಲ. ಗದಗಿನ ದಲಾಲಿ ಅಂಗಡಿಯಲ್ಲಿ ದಿವಾನಜಿಯಾಗಿ ಕುಳಿತು ಲೆಕ್ಕ ಬರೆಯುವಷ್ಟು ವಿದ್ಯೆ ಅವನಿಗೆ ಕೈವಶವಾಗಿರುತ್ತಿತ್ತು.

ಕಚೇರಿಯ ಲೆಕ್ಕವೂ ಪೇಟೆಯ ಲೆಕ್ಕವೂ ಒಂದೇ ನುಡಿಯಲ್ಲಿ ಮಾತಾಡುತ್ತಿದ್ದುದೇ ಇದಕ್ಕೆ ಕಾರಣ. ಕಿರ್ದಿ, ಖಾತೆ, ಜಮೆ, ಖರ್ಚು, ಬಾಕಿ, ಶಿಲ್ಕು ಎಂಬ ಶಬ್ದಗಳು ಮಾಮಲೇದಾರನ ಕಚೇರಿಯಲ್ಲಿ ಹೇಗೋ ಹತ್ತಿಯ ಪೇಟೆಯಲ್ಲಿಯೂ ಹಾಗೆಯೇ ನಡೆಯುತ್ತಿದ್ದವು. ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪನೆಗೊಂಡು, ದೇಶದಲ್ಲಿಯೇ ಮೊದಲನೆಯದೆಂಬ ಗೌರವಕ್ಕೆ ಪಾತ್ರವಾದುದನ್ನು ಈ ಸೀಮೆಯ ಜನ ಅಭಿಮಾನದಿಂದ ನೆನೆಯುತ್ತಾರೆ. ಅದಕ್ಕೆ ಹಿಂದಿನ ವರ್ಷ, ೧೯೦೪ರಲ್ಲಿ, ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾನೂನನ್ನು ಮಾಡಿತ್ತು. ಕಾನೂನು ದೂರದ ರಾಜಧಾನಿಯಲ್ಲಿ ಹುಟ್ಟಿತು. ಅದಕ್ಕೆ ಜೀವ ಬಂದುದು ಒಕ್ಕಲಿಗರ ಹಳ್ಳಿಯಲ್ಲಿ. ಸಂಘವೆಂದರೆ ವ್ಯವಹಾರ, ನೋಂದಣಿ ಮತ್ತು ಲೆಕ್ಕತಪಾಸಣೆಯೆಂದರೆ ಆಡಳಿತ. ಎರಡನ್ನೂ ಬಲ್ಲವರು ಊರಿನಲ್ಲಿ ಇಲ್ಲದಿದ್ದರೆ ಎಂಥ ಒಳ್ಳೆಯ ಕಾನೂನೂ ಕಾಗದದಲ್ಲಿಯೇ ಉಳಿಯುತ್ತದೆ.

ಸ್ವಾತಂತ್ರ್ಯದ ತರುವಾಯ ಕಾಲ ಬದಲಾಯಿತು. ವಂಶಪಾರಂಪರ್ಯವಾಗಿ ಬಂದ ಕುಲಕರ್ಣಿ ವತನಗಳು ಮುಂಬಯಿ ರಾಜ್ಯದ ೧೯೫೦ರ ಕಾಯಿದೆಯಿಂದ ರದ್ದಾದವು. ಊರಿನ ಲೆಕ್ಕ ತಲಾಠಿಯ ಕೈಗೆ ಬಂದಿತು. ತಂದೆಯಿಂದ ಮಗ ಕಲಿಯುವ ಕಾಲ ಹೋಗಿ, ಪರೀಕ್ಷೆ ಬರೆದು ಯಾರು ಬೇಕಾದರೂ ಬರಬಹುದಾದ ಕಾಲ ಬಂದುದು ನ್ಯಾಯವೇ ಸರಿ. ೧೯೬೧ರಲ್ಲಿ ಭಾರತದ ಸಂಸತ್ತು ಅಪ್ರೆಂಟಿಸ್ ಕಾಯಿದೆಯನ್ನು ಅಂಗೀಕರಿಸಿತು. ಮೊದಲಿಗೆ ಅದು ಕಾರ್ಖಾನೆಯ ಕಸುಬುಗಳನ್ನು ಕಲಿಯುವವರಿಗಾಗಿ ಇದ್ದಿತು. ೧೯೭೩ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದರು. ೨೦೧೪ರ ತಿದ್ದುಪಡಿಯಿಂದ ಕಲೆ, ವಾಣಿಜ್ಯ ಮೊದಲಾದ ಇತರ ಪದವೀಧರರಿಗೂ ಬಾಗಿಲು ತೆರೆಯಿತು. ೨೦೧೯ರ ನಿಯಮಗಳಲ್ಲಿ ಮೂವತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ ೨.೫ರಿಂದ ೧೫ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕೆಂದೂ, ಪದವೀಧರ ಶಿಶಿಕ್ಷುವಿಗೆ ತಿಂಗಳಿಗೆ ಕನಿಷ್ಠ ೯,೦೦೦ ರೂಪಾಯಿ ವಿದ್ಯಾರ್ಥಿವೇತನ ಸಲ್ಲಬೇಕೆಂದೂ ಗೊತ್ತುಪಡಿಸಲಾಯಿತು. ೨೦೨೦ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿಯ ವ್ಯಾಸಂಗದೊಳಗೇ ಇಂಥ ತರಬೇತಿಯನ್ನು ಅಳವಡಿಸಲು ಮಾರ್ಗಸೂಚಿಗಳನ್ನು ಹೊರಡಿಸಿತು.

ಆ ಕಾಯಿದೆಯನ್ನು ಸಾವಧಾನದಿಂದ ಓದಿದವರಿಗೆ ಅದರಲ್ಲಿ ಗುರುಶಿಷ್ಯ ಸಂಬಂಧದ ಚಿತ್ರವೇ ಕಾಣುತ್ತದೆಂದರೆ ಅತಿಶಯೋಕ್ತಿಯಾಗದು. ಶಿಶಿಕ್ಷುವು ಕೂಲಿಕಾರನಲ್ಲ, ಕಲಿಯುವವನೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ತರಬೇತಿಯ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಯಜಮಾನನಾದವನು ತಾನೇ ಆ ವಿದ್ಯೆಯನ್ನು ಬಲ್ಲವನಾಗಿರಬೇಕು, ಇಲ್ಲವೇ ಬಲ್ಲವನೊಬ್ಬನನ್ನು ಕಲಿಸುವ ಕೆಲಸಕ್ಕೆ ನೇಮಿಸಬೇಕು. ಕಲಿಯುವವನು ಶ್ರದ್ಧೆಯಿಂದ, ಪರಿಶ್ರಮದಿಂದ ಕಲಿಯಬೇಕು. ತರಬೇತಿಯ ಪ್ರಗತಿಯ ದಾಖಲೆಯನ್ನು ಇಡಬೇಕು. ಉಪನಯನ, ದೀಕ್ಷೆಗಳಲ್ಲಿ ಗುರುವೂ ಶಿಷ್ಯನೂ ಪರಸ್ಪರ ಕೊಡುವ ಮಾತಿಗೂ ಈ ಕರಾರಿಗೂ ಭಾವದಲ್ಲಿ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಆಚರಣೆಯಲ್ಲಿ.

ಆಚರಣೆ ಹೇಗಿರುತ್ತದೆಂಬುದನ್ನು ತಿಳಿಯಲು ಸೂಡಿಯ ಸುತ್ತಿನ ಹಳ್ಳಿಯೊಂದರ ವಾಣಿಜ್ಯ ಪದವೀಧರನನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ಹೆಸರು ಬೇಡ. ಅವನಂಥವರು ಊರಿಗಿಬ್ಬರು ಇದ್ದಾರೆ. ಮನೆಯಲ್ಲಿ ನಾಲ್ಕೆಕರೆ ಎರೆಭೂಮಿ, ಮಳೆ ಬಂದರೆ ಕಡಲೆ, ಜೋಳ, ಬಾರದಿದ್ದರೆ ಸಾಲ. ಸರಕಾರಿ ಕಚೇರಿಯೊಂದರಲ್ಲಿ ಒಂದು ವರ್ಷದ ತರಬೇತಿಗೆ ಆಯ್ಕೆಯಾದನೆಂಬ ಸುದ್ದಿ ಬಂದೊಡನೆ ಅವ್ವ ನೆರೆಮನೆಯವರಿಗೆ ಸಕ್ಕರೆ ಹಂಚಿ, ಮಗನಿಗೆ ಸರಕಾರಿ ನೌಕರಿ ಸಿಕ್ಕಿತೆಂದು ಹೇಳುತ್ತಾಳೆ. ಹಾಗಲ್ಲವೆಂದು ತಿದ್ದಲು ಮಗನಿಗೆ ಮನಸ್ಸು ಬಾರದು. ಮನೆಯ ದೃಷ್ಟಿಯಲ್ಲಿ ಅವನು ಹೊರಟದ್ದು ಉಮೇದುವಾರನಾಗಿಯೇ.

ಕಚೇರಿಯಲ್ಲಿ ಮೊದಲ ದಿನ ಅವನಿಗೆ ಕುರ್ಚಿಯಿಲ್ಲ. ಎರಡನೆಯ ವಾರಕ್ಕೆ ಝೆರಾಕ್ಸ್ ಯಂತ್ರದ ಬಳಿ ಒಂದು ಜಾಗ ಗೊತ್ತಾಗುತ್ತದೆ. ಮೂರನೆಯ ತಿಂಗಳಿಗೆ ಕಂಪ್ಯೂಟರಿನಲ್ಲಿ ಅಂಕಿಗಳನ್ನು ತುಂಬುವ ಕೆಲಸ ಬರುತ್ತದೆ. ಖಾಲಿ ಉಳಿದಿರುವ ಗುಮಾಸ್ತರ ಹುದ್ದೆಯೊಂದರ ಅರ್ಧ ಭಾರ ಹೇಳದೆ ಕೇಳದೆ ಅವನ ಹೆಗಲಿಗೆ ಬಂದಿರುತ್ತದೆ. ಅವನು ತುಂಬಿದ ಅಂಕಿ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ, ಏಕೆ ಬೇಕಾಗಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕೇಳಿದರೆ, “ಅದೆಲ್ಲ ನಿನಗ್ಯಾಕೋ ತಮ್ಮಾ, ಹೇಳಿದಷ್ಟು ಮಾಡು” ಎಂಬ ಉತ್ತರ ದೊರೆಯುತ್ತದೆ. ಆ ಮಾತಿನಲ್ಲಿ ದುಷ್ಟತನವಿಲ್ಲ, ಪ್ರೀತಿಯೂ ಇದ್ದೀತು. ಆದರೆ ವಿದ್ಯೆಯ ಬಾಗಿಲು ಆ ಒಂದು ಮಾತಿನಿಂದಲೇ ಮುಚ್ಚಿಹೋಗುತ್ತದೆ.

ಅದೇ ಕಚೇರಿಯಲ್ಲಿ ಇನ್ನೊಂದು ಬಗೆಯ ದಿನವೂ ಬರಬಹುದು. ಖಜಾನೆಗೆ ಹೋದ ಬಿಲ್ಲೊಂದು ಆಕ್ಷೇಪಣೆಯೊಡನೆ ಹಿಂದಿರುಗಿ ಬರುತ್ತದೆ. ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಸಹಾಯಕರೊಬ್ಬರು ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಲೆಕ್ಕ ಶೀರ್ಷಿಕೆ ಎಂದರೇನು, ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದರಲ್ಲಿ ಏಕೆ ಖರ್ಚು ಮಾಡಬಾರದು, ಶಾಸನಸಭೆಯು ಒಪ್ಪಿದ ಹಣ ಮಾರ್ಚ್ ೩೧ಕ್ಕೆ ಏಕೆ ಮುಗಿದುಹೋಗುತ್ತದೆ ಎಂಬುದನ್ನು ಆ ಒಂದೇ ಬಿಲ್ಲನ್ನು ಮುಂದಿಟ್ಟುಕೊಂಡು ವಿವರಿಸುತ್ತಾರೆ. ಆ ದಿನ ಹುಡುಗನಿಗೆ ಕಾಲೇಜಿನ ಮೂರು ವರ್ಷಗಳಲ್ಲಿ ಹೊಳೆಯದಿದ್ದ ಒಂದು ಸತ್ಯ ಹೊಳೆಯುತ್ತದೆ. ಅಂಗಡಿಕಾರನು ತನ್ನ ಹಣವನ್ನು ತಾನು ಬಯಸಿದಂತೆ ಬಳಸಬಹುದು. ಸರಕಾರದ ಹಣವು ಒಂದೊಂದು ರೂಪಾಯಿಯೂ ಹೆಸರು ಬರೆಸಿಕೊಂಡು ಬಂದಿರುತ್ತದೆ. ಹತ್ತು ತಿಂಗಳ ಅಂಕಿ ತುಂಬುವಿಕೆಗಿಂತ ಆ ಅರ್ಧ ತಾಸಿನ ಪಾಠ ದೊಡ್ಡದು. ಶಿಶಿಕ್ಷುವಿಗೆ ಗುರು ದೊರೆಯುವುದೆಂದರೆ ಇದೇ.

ವಾಣಿಜ್ಯವನ್ನು ಓದಿದವನು ಸರಕಾರಿ ಆಡಳಿತದಲ್ಲಿ ಏನನ್ನು ಕಲಿಯಬಲ್ಲನು ಎಂದು ಕೆಲವರು ಕೇಳುತ್ತಾರೆ. ಕಲಿಯತಕ್ಕದ್ದು ಬಹಳವಿದೆ. ೧೯೯೯ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮದಂತೆ ಟೆಂಡರು ಕರೆಯುವ ಕ್ರಮವನ್ನು ಒಳಗಿನಿಂದ ಕಂಡವನು ಮುಂದೆ ತಾನೇ ಗುತ್ತಿಗೆದಾರನೋ ಸರಬರಾಜುದಾರನೋ ಆದಾಗ ಮಧ್ಯಸ್ಥನ ಕಾಲು ಹಿಡಿಯಬೇಕಾಗಿಲ್ಲ. ಲೆಕ್ಕತಪಾಸಣೆಯ ಆಕ್ಷೇಪಣೆಗೆ ಉತ್ತರ ಬರೆಯುವುದನ್ನು ಕಲಿತವನಿಗೆ ಯಾವ ವ್ಯಾಪಾರಿ ಸಂಸ್ಥೆಯಲ್ಲಿಯೂ ಬೆಲೆಯಿದೆ. ೨೦೦೫ರ ಮಾಹಿತಿ ಹಕ್ಕಿನ ಅರ್ಜಿಯೊಂದು ಬಂದಾಗ ಕಡತವು ಹೇಗೆ ಮಾತಾಡಬೇಕಾಗುತ್ತದೆಂಬುದನ್ನು ಕಂಡವನು ಟಿಪ್ಪಣಿಯಲ್ಲಿ ಸುಳ್ಳು ಬರೆಯಲು ಹೆದರುತ್ತಾನೆ. ೨೦೧೧ರ ಸಕಾಲ ಕಾಯಿದೆಯು ಅರ್ಜಿಯೊಂದಕ್ಕೆ ಇಂತಿಷ್ಟು ದಿನಗಳೆಂದು ಗೊತ್ತುಮಾಡಿದುದರ ಅರ್ಥವೂ ಅವನಿಗೆ ಅಲ್ಲಿಯೇ ತಿಳಿಯುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಪಾಠವೊಂದಿದೆ. ವಾಣಿಜ್ಯಶಾಸ್ತ್ರವು ಗಿರಾಕಿಯನ್ನು ಗೌರವಿಸಬೇಕೆಂದು ಕಲಿಸುತ್ತದೆ. ಏಕೆಂದರೆ ಮನಸ್ಸು ಮುರಿದ ಗಿರಾಕಿ ಪಕ್ಕದ ಅಂಗಡಿಗೆ ಹೋಗಬಲ್ಲನು. ಸರಕಾರಿ ಕಚೇರಿಗೆ ಪಕ್ಕದ ಅಂಗಡಿಯಿಲ್ಲ. ವಿಧವಾವೇತನದ ಅರ್ಜಿ ಹಿಡಿದು ಬಂದ ಮುದುಕಿಯ ಹೆಸರು ಆಧಾರ್ ಚೀಟಿಯಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ಬಸ್ಸಿನ ಹೊತ್ತಾಯಿತೆಂದು ಅವಳು ಬಾಗಿಲ ಕಡೆಗೆ ನೋಡುತ್ತಾ ನಿಂತಿದ್ದಾಳೆ. ಅವಳನ್ನು ಹಿಂದಕ್ಕೆ ಕಳುಹಿಸಿದರೆ ಅವಳಿಗೆ ಹೋಗಲು ಬೇರೆಡೆಯಿಲ್ಲ; ನಾಳೆ ಮತ್ತೆ ಇಲ್ಲಿಗೇ ಬರಬೇಕು, ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬೇರೆ ದಾರಿಯಿಲ್ಲದವರ ಮುಂದೆ ಹೇಗೆ ನಡೆದುಕೊಳ್ಳುತ್ತಾನೆಂಬುದೇ ಅಧಿಕಾರಿಯ ಪರೀಕ್ಷೆ. ತನ್ನ ಅವ್ವನ ವಯಸ್ಸಿನ ಆ ಹೆಣ್ಣುಮಗಳನ್ನು ಮೇಜಿನ ಆ ಬದಿಯಿಂದ ಕಂಡ ತರುಣನು, ಅದುವರೆಗೆ ತಾನೂ ತನ್ನವರೂ ಮೇಜಿನ ಈ ಬದಿಯಲ್ಲಿ ನಿಂತಿದ್ದುದನ್ನು ನೆನೆಯದಿರಲಾರನು. ಆ ನೆನಪನ್ನು ಉಳಿಸಿಕೊಂಡವನು ಮುಂದೆ ಎಲ್ಲಿ ಕುಳಿತರೂ ಒಳ್ಳೆಯ ಕೆಲಸಗಾರನಾಗುತ್ತಾನೆ.

ತರಬೇತಿಗೆ ಬಂದ ಹೊಸಬನಿಂದ ಕಚೇರಿಗೂ ಲಾಭವಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಬಹಳಷ್ಟು ಉಪಾಯಗಳು ‘ಮೊದಲಿನಿಂದಲೂ ಹೀಗೆಯೇ ನಡೆದಿದೆ’ ಎಂಬ ಮಾತಿನ ನೆರಳಿನಲ್ಲಿ ಬದುಕುವಂಥವು. ಆ ಮಾತನ್ನು ಒಪ್ಪಿಕೊಳ್ಳದೆ ‘ಏಕೆ’ ಎಂದು ಕೇಳುವ ಒಂದು ಎಳೆಯ ದನಿ ಕಚೇರಿಯಲ್ಲಿದ್ದರೆ ಹಿರಿಯರೂ ಒಮ್ಮೆ ಕಡತವನ್ನು ತಿರುವಿ ನೋಡುತ್ತಾರೆ. ಕಲಿಸುವವನು ತಾನು ಮಾಡುವುದಕ್ಕೆ ಕಾರಣ ಹೇಳಬೇಕಾಗುತ್ತದೆ. ಕಾರಣ ಹೇಳಲಾಗದ ಕೆಲಸವನ್ನು ಮಾಡಲು ಅವನಿಗೂ ಸಂಕೋಚವಾಗುತ್ತದೆ.

ಕಚೇರಿಯವರ ಪಕ್ಷದ ಮಾತನ್ನೂ ಕೇಳಬೇಕು. ಹುದ್ದೆಗಳು ಖಾಲಿಯಿವೆ, ಇರುವವರಿಗೆ ಉಸಿರಾಡಲು ಹೊತ್ತಿಲ್ಲ, ಇದರ ನಡುವೆ ಪಾಠ ಹೇಳುವುದೆಂತು ಎಂದು ಅವರು ಕೇಳುತ್ತಾರೆ. ಬಂದ ಹುಡುಗರಲ್ಲಿ ಹಲವರು ವಿದ್ಯೆಯ ಮಾತೆತ್ತದೆ ಖಾಯಂ ಆ‌ಗುವುದೆಂದು ಎಂಬುದೊಂದನ್ನೇ ಕೇಳುತ್ತಾರೆ. ಬೇರೆ ಪರೀಕ್ಷೆಯ ಪುಸ್ತಕವನ್ನು ಮೇಜಿನಡಿ ಇಟ್ಟುಕೊಂಡು ಓದುತ್ತಾರೆ. ನಡುವೆಯೇ ಬಿಟ್ಟು ಹೋಗುತ್ತಾರೆ. ಒಂದು ಪತ್ರವನ್ನು ತಪ್ಪಿಲ್ಲದೆ ಕನ್ನಡದಲ್ಲಿ ಬರೆಯಲಾರರು. ಈ ದೂರುಗಳಲ್ಲಿ ಸತ್ಯವಿಲ್ಲವೆನ್ನಲಾಗದು. ಕನ್ನಡದಲ್ಲಿ ಅರ್ಜಿ ಬರೆಯಲು ಬಾರದ ಪದವೀಧರನನ್ನು ಕಚೇರಿಗೆ ಕಳುಹಿಸಿದ ತಪ್ಪು ಕಚೇರಿಯದಲ್ಲ, ಶಾಲೆ ಕಾಲೇಜುಗಳದು. ಆದರೆ ಹೊತ್ತಿಲ್ಲವೆಂಬ ಮಾತಿಗೆ ಮಾತ್ರ ಒಂದು ಉತ್ತರವಿದೆ. ಕಲಿಸಲು ಹೊತ್ತಿಲ್ಲದವನು ಶಿಷ್ಯನನ್ನು ಒಪ್ಪಿಕೊಳ್ಳಬಾರದು. ಒಪ್ಪಿಕೊಂಡ ಮೇಲೆ ಅವನನ್ನು ಖಾಲಿ ಹುದ್ದೆಯ ತೇಪೆಯಾಗಿ ಬಳಸಬಾರದು. ಹುದ್ದೆ ಖಾಲಿಯಿದ್ದರೆ ಅದನ್ನು ತುಂಬುವ ದಾರಿ ನೇಮಕಾತಿಯೇ ಹೊರತು ತರಬೇತಿಯಲ್ಲ.

ನೌಕರಿಯ ಆಸೆಯ ವಿಷಯದಲ್ಲಿಯೂ ನಿಷ್ಠುರವಾದರೂ ನಿಜವನ್ನು ಹೇಳಬೇಕು. ತರಬೇತಿ ಮುಗಿದವನಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಾಯಿದೆಯಲ್ಲಿಲ್ಲ. ೨೦೧೪ರ ತಿದ್ದುಪಡಿಯು ನೇಮಕಾತಿಯ ಬಗ್ಗೆ ಪ್ರತಿಯೊಂದು ಸಂಸ್ಥೆಯೂ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದಿತು. ಆದರೆ ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರ ಪ್ರದೇಶದ ಸಾರಿಗೆ ಸಂಸ್ಥೆಯ ಶಿಶಿಕ್ಷುಗಳ ಪ್ರಕರಣದಲ್ಲಿ, ಉಳಿದ ಅರ್ಹತೆಗಳು ಸಮನಾಗಿದ್ದಾಗ ತರಬೇತಿ ಪಡೆದವನಿಗೆ ಹೊರಗಿನಿಂದ ಬಂದವನಿಗಿಂತ ಪ್ರಾಶಸ್ತ್ಯ ಸಲ್ಲಬೇಕೆಂದು ಹೇಳಿತು. ಇದು ನೌಕರಿಯ ಭರವಸೆಯಲ್ಲ, ಕಲಿತದ್ದಕ್ಕೆ ಮನ್ನಣೆ. ಈ ಭೇದವನ್ನು ಮೊದಲ ದಿನವೇ ಹುಡುಗನಿಗೂ ಅವನ ತಂದೆ ತಾಯಂದಿರಿಗೂ ಬಿಡಿಸಿ ಹೇಳುವುದು ಧರ್ಮ. ಇಲ್ಲದ ಉಮೇದನ್ನು ಹುಟ್ಟಿಸಿ ವರ್ಷ ದುಡಿಸಿಕೊಳ್ಳುವುದಕ್ಕಿಂತ ನಿಜವನ್ನು ಹೇಳಿ ಆರು ತಿಂಗಳು ಕಲಿಸುವುದು ಲೇಸು.

ಹಾಗಾದರೆ ಆಗಬೇಕಾದುದೇನು? ದೊಡ್ಡ ಯೋಜನೆಗಳು ಬೇಕಿಲ್ಲ. ಪ್ರತಿಯೊಬ್ಬ ಶಿಶಿಕ್ಷುವಿಗೂ ಹೆಸರಿಟ್ಟು ಒಬ್ಬ ಗುರುವನ್ನು ನೇಮಿಸಬೇಕು. ಕಾಯಿದೆಯ ಆಶಯವೇ ಅದು. ವರ್ಷವನ್ನು ನಾಲ್ಕು ಭಾಗ ಮಾಡಿ ಟಪಾಲು ಮತ್ತು ಕಡತ, ಲೆಕ್ಕ ಮತ್ತು ಖಜಾನೆ, ಸಂಗ್ರಹಣೆ ಮತ್ತು ದಾಸ್ತಾನು, ಜನಸಂಪರ್ಕ ಮತ್ತು ಅರ್ಜಿಗಳ ವಿಲೇವಾರಿ ಎಂಬ ಕ್ರಮದಲ್ಲಿ ಅವನನ್ನು ತಿರುಗಿಸಬೇಕು. ಅವನು ಒಂದು ದಿನಚರಿ ಇಡಬೇಕು. ಮಾಡಿದ ಕೆಲಸದ ಜೊತೆಗೆ ಕಲಿತ ಒಂದು ಸಂಗತಿಯನ್ನೂ ಅದರಲ್ಲಿ ಬರೆಯಬೇಕು. ಗುರುವು ವಾರಕ್ಕೊಮ್ಮೆ ಓದಿ ರುಜು ಹಾಕಬೇಕು. ಏನನ್ನೂ ಬರೆಯಲಾಗದ ವಾರ ಬಂದರೆ ತಪ್ಪು ಯಾರದೆಂದು ಆ ಖಾಲಿ ಪುಟವೇ ಹೇಳುತ್ತದೆ. ಹಾಗೆಯೇ ಕಲಿಸಿದ ನೌಕರನ ಸೇವಾಪುಸ್ತಕದಲ್ಲಿ ಅವನು ಇಂಥವರನ್ನು ತಯಾರು ಮಾಡಿದನೆಂಬ ಒಂದು ಸಾಲು ಸೇರಬೇಕು. ಶಿಕ್ಷಕನಿಗೆ ಶಿಷ್ಯರೇ ಆಸ್ತಿ. ಗುಮಾಸ್ತನಿಗೂ ಆ ಆಸ್ತಿ ಏಕಿರಬಾರದು?

ಶಾಲೆಯು ಮಾಡಬೇಕಾದ ಕೆಲಸವೂ ಇದೆ. ಹಿಂದೆ ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದುದರ ಫಲವಾಗಿ ಹಳ್ಳಿಯ ಹುಡುಗನು ತನ್ನ ನುಡಿಯಲ್ಲಿಯೇ ಓದು ಬರಹ ಕಲಿತನು. ಆ ಫಲವನ್ನು ಕಚೇರಿಯ ಮೇಜಿನವರೆಗೆ ಒಯ್ಯುವುದು ಇಂದಿನ ಅಧ್ಯಾಪಕರ ಹೊಣೆ. ಪತ್ರಲೇಖನವೆಂದರೆ ರಜೆಯ ಅರ್ಜಿಯೊಂದೇ ಎಂಬ ಭಾವನೆ ಹೋಗಬೇಕು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿಯೇ ಉತಾರವನ್ನು ಓದುವುದು, ಗ್ರಾಮ ಪಂಚಾಯತಿಯ ಆಯವ್ಯಯ ಪತ್ರಿಕೆಯನ್ನು ತಿಳಿಯುವುದು, ಸಹಕಾರಿ ಸಂಘದ ಜಮಾಖರ್ಚನ್ನು ತಾಳೆ ನೋಡುವುದು, ಒಂದು ವಿಷಯವನ್ನು ಹತ್ತು ಸಾಲುಗಳ ಟಿಪ್ಪಣಿಯಲ್ಲಿ ಸಂಗ್ರಹಿಸಿ ಬರೆಯುವುದು ಅಭ್ಯಾಸವಾಗಬೇಕು. ಊರ ಶಾಸನವನ್ನು ಓದಿಸುವಾಗ ಅದರ ಛಂದಸ್ಸು ವ್ಯಾಕರಣಗಳ ಜೊತೆಗೆ, ಯಾರು ಯಾರಿಗೆ ಏನನ್ನು ಬರೆದುಕೊಟ್ಟರು, ಏಕೆ ಬರೆದುಕೊಟ್ಟರು ಎಂಬುದನ್ನೂ ಕನ್ನಡ ಪಂಡಿತರು ವಿವರಿಸಬೇಕು. ಆಗ ಶಾಸನವೂ ಸರಕಾರಿ ಆದೇಶವೂ ಒಂದೇ ವಂಶದವೆಂದು ಹುಡುಗರಿಗೆ ತಿಳಿಯುತ್ತದೆ.

ಮಠಗಳ ಆಶ್ರಯದಲ್ಲಿ ಓದಿ ಹೊರಬಂದ ಹಳೆಯ ವಿದ್ಯಾರ್ಥಿಗಳು ಇಂದು ನಾಡಿನ ಎಷ್ಟೋ ಕಚೇರಿಗಳಲ್ಲಿದ್ದಾರೆ. ವಾರ್ಷಿಕೋತ್ಸವಕ್ಕೆ ಬಂದು ದೇಣಿಗೆ ಕೊಟ್ಟು ಹೋಗುವ ಅವರ ಔದಾರ್ಯ ದೊಡ್ಡದು. ಅದಕ್ಕಿಂತ ದೊಡ್ಡ ದಾನವೊಂದು ಅವರ ಕೈಯಲ್ಲಿದೆ. ತಮ್ಮ ಕಚೇರಿಗೆ ತರಬೇತಿಗೆ ಬಂದ ಹುಡುಗನೊಬ್ಬನನ್ನು, ಅವನು ಯಾವ ಊರಿನವನೇ ಆಗಲಿ, ಯಾವ ಜಾತಿಯವನೇ ಆಗಲಿ, ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ಅರ್ಧ ತಾಸು ಕಲಿಸುವುದೇ ಆ ದಾನ. ಇದಕ್ಕೆ ರಸೀದಿಯಿಲ್ಲ, ಕಲ್ಲಿನಲ್ಲಿ ಹೆಸರು ಕೆತ್ತಿಸುವಂತಿಲ್ಲ. ಒಮ್ಮೆ ತಾವೂ ಮಠದ ಪ್ರಸಾದನಿಲಯದ ಸಾಲಿನಲ್ಲಿ ಕುಳಿತು ಉಂಡವರು, ಹಿರಿಯರೊಬ್ಬರ ಕೃಪೆಯಿಂದ ಅಕ್ಷರ ಕಂಡವರು ಎಂಬ ನೆನಪಿದ್ದರೆ ಸಾಕು. ಅಂಗಡಿ, ಗಿರಣಿ, ಮಗ್ಗಗಳ ಒಡೆಯರಾದ ದಾನಿಗಳೂ ತರಬೇತಿ ಮುಗಿಸಿ ಬಂದ ತರುಣನನ್ನು ಸರಕಾರಿ ನೌಕರಿ ಸಿಗದವನೆಂದು ಕೀಳಾಗಿ ಕಾಣದೆ, ಆಡಳಿತದ ಒಳಹೊರಗುಗಳನ್ನು ಬಲ್ಲವನೆಂದು ಬರಮಾಡಿಕೊಳ್ಳಬೇಕು. ಹಾಗಾದರೆ ಕಚೇರಿಯ ವರ್ಷ ಯಾರಿಗೂ ವ್ಯರ್ಥವಾಗದು.

ಕಡೆಗೆ ತರುಣರಿಗೆ ಒಂದು ಮಾತು. ಉಮೇದು ಇರಲಿ, ಆಸೆಯಿಲ್ಲದವನು ಬೆಳಗಿನ ಬಸ್ಸು ಹಿಡಿದು ಅಷ್ಟು ದೂರ ಹೋಗುವುದಾದರೂ ಏಕೆ? ಆದರೆ ನೌಕರಿ ಕೊಡುವುದು ಬಿಡುವುದು ಪರರ ಕೈಯಲ್ಲಿದೆ, ಕಲಿಯುವುದು ತನ್ನ ಕೈಯಲ್ಲಿದೆ. ಕುರ್ಚಿ ಕೊಡದಿದ್ದರೆ ನಿಂತೇ ಕೇಳಬೇಕು; ಒಬ್ಬರು ಹೇಳದಿದ್ದರೆ ಇನ್ನೊಬ್ಬರನ್ನು ಕೇಳಬೇಕು; ನಕಲು ತೆಗೆಯಲು ಕೊಟ್ಟ ಕಾಗದವನ್ನು ಯಂತ್ರಕ್ಕೆ ಒಡ್ಡುವ ಮುನ್ನ ಒಮ್ಮೆ ಓದಬೇಕು. ಹಾಗೆ ಓದಿದ ಒಂದೊಂದು ಕಾಗದವೂ ಒಂದೊಂದು ಪಾಠ.

ಸುಮಾರು ೯೭೫ ವರ್ಷಗಳ ಹಿಂದೆ ಸೂಡಿಯಲ್ಲಿ ಊರಿನ ಕಟ್ಟಳೆಯನ್ನು ಕಲ್ಲಿಗೆ ಇಳಿಸಿದವರಿಗೆ, ಅದನ್ನು ಓದುವ ಮಕ್ಕಳು ಮುಂದೆಯೂ ಇಲ್ಲಿ ಹುಟ್ಟುತ್ತಾರೆಂಬ ನಂಬಿಕೆ ಇದ್ದಿರಬೇಕು. ಆ ನಂಬಿಕೆಯನ್ನು ಸುಳ್ಳು ಮಾಡದಿರುವುದು ಇಂದಿನವರ ಋಣ. ಅದೇ ಊರಿನ ಹುಡುಗನೊಬ್ಬನು ಕಚೇರಿಯ ಕಡತವನ್ನು ತೆರೆದು, ಅದರ ಹಿಂದಿರುವ ಮನುಷ್ಯನನ್ನು ಕಂಡು, ತಪ್ಪಿಲ್ಲದ ಕನ್ನಡದಲ್ಲಿ ನಾಲ್ಕು ಸಾಲಿನ ನ್ಯಾಯವಾದ ಟಿಪ್ಪಣಿಯನ್ನು ಬರೆದ ದಿನ ಆ ಋಣ ತೀರುವುದು. ಅಂಥ ದಿನಗಳು ಹೆಚ್ಚಲಿ. ಉಮೇದುವಾರರಾಗಿ ಹೋದ ಮಕ್ಕಳು ಶಿಶಿಕ್ಷುಗಳಾಗಿ ಬೆಳೆದು, ಸಮರ್ಥರಾಗಿ ಮರಳಲಿ.